ಮಿಲಿಟರಿ ಅಜ್ಜನ ಟ್ರಂಕಿನಲ್ಲಿದ್ದ ಅರ್ಜಿ

ಶಾಲೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ಕಂಡ ಕೂಡಲೇ ನನ್ನ ಮೈ ಉರಿಯಿತು. 'ನಮ್ಮ ಶಾಲಾ ಕುಟುಂಬದ ಹಿರಿಯ ಸದಸ್ಯರಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದರು. ಅದರ ಕೆಳಗೆ ಆ ಮನುಷ್ಯನ ಮಿಲಿಟರಿ ಕಾಲದ ಒಂದು ಫೋಟೊ. ಅದಕ್ಕಿಂತ ದೊಡ್ಡದಾಗಿ ಆಡಳಿತ ಮಂಡಳಿಯವರ ನಗುಮುಖಗಳು ಸಾಲಾಗಿ ಇದ್ದವು. ಎರಡು ವರ್ಷದ ಹಿಂದೆ ಅವರನ್ನು ಇದೇ ಗೇಟಿನಿಂದ ಹೊರಗೆ ಕಳಿಸಿದಾಗ ಈ ಕುಟುಂಬದ ಒಬ್ಬರೂ ಬಾಗಿಲವರೆಗೆ ಬಂದಿರಲಿಲ್ಲ.

ಅವರು ನನ್ನ ಮಗಳ ಶಾಲಾ ಬಸ್ಸಿನ ಡ್ರೈವರ್. ಮಕ್ಕಳೆಲ್ಲ 'ಮಿಲಿಟರಿ ಅಜ್ಜ' ಎನ್ನುತ್ತಿದ್ದರು. ಸೈನ್ಯದಲ್ಲಿ ಲಾರಿ ಓಡಿಸಿ, ನಿವೃತ್ತರಾಗಿ ಬಂದು, ಭದ್ರಾವತಿ ಪಕ್ಕದ ತಮ್ಮ ಊರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಮುಂಜಾನೆ ಗದ್ದೆಗೆ ಹೋಗಿ ಚಾನಲ್ ನೀರು ತಿರುಗಿಸಿ, ಸ್ನಾನ ಮಾಡಿ, ಬೈಕಿನಲ್ಲಿ ಶಿವಮೊಗ್ಗಕ್ಕೆ ಬಂದು ಬಸ್ ಹತ್ತುತ್ತಿದ್ದರು. ಅಷ್ಟಾದರೂ ಅಂಗಿಯ ಇಸ್ತ್ರಿ ಮುರಿದಿರುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಮಾತ್ರ ಒಂದಿಷ್ಟು ಕೆಸರು ಉಳಿದಿರುತ್ತಿತ್ತು. ಗೋಪಾಳದ ನಮ್ಮ ಸ್ಟಾಪಿನಲ್ಲಿ ಒಬ್ಬ ತಾಯಿ ಅದಕ್ಕೂ ಮೂಗು ಮುರಿದಿದ್ದಳು. ನಿಮ್ಮ ಮನೆಗೆ ಅಕ್ಕಿ ಯಾವ ಮಾಲ್‌ನಿಂದ ಬರುತ್ತದೆ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಬಸ್ ಹೊರಡುವ ಮೊದಲು ಸುತ್ತ ಒಂದು ಸುತ್ತು ಬಂದು ಟೈರು, ದೀಪ, ನೀರು, ಆಯಿಲ್ ಎಲ್ಲ ನೋಡುತ್ತಿದ್ದರು. ಅದಕ್ಕೆ ಅವರು ಸೈನ್ಯದಲ್ಲಿ ಕಲಿತ ಹೆಸರು ಫಸ್ಟ್ ಪೆರೇಡ್. ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡುವುದು ಲಾಸ್ಟ್ ಪೆರೇಡ್. ಒಂದು ಬೆಳಿಗ್ಗೆ ಹಾಗೆ ಬಗ್ಗಿದಾಗಲೇ ಅವರಿಗೆ ನನ್ನ ಮಗಳು ಸಿಕ್ಕಿದ್ದು. ಜ್ವರ ಬಂದು ಸೀಟಿನ ಕೆಳಗೆ ಮುದುಡಿ ಮಲಗಿಬಿಟ್ಟಿದ್ದಳಂತೆ. ಶಾಲೆಯಲ್ಲಿ ಬಿಡದೆ, ಎತ್ತಿಕೊಂಡು ಆಟೊದಲ್ಲಿ ಮನೆಗೇ ತಂದು ನನ್ನ ಕೈಗೆ ಕೊಟ್ಟರು.

"ಮೈ ಕೆಂಡ ಆಗಿದೆ ಮೇಡಂ. ಇವತ್ತು ನೀವೂ ಕಾಲೇಜಿಗೆ ರಜಾ ಹಾಕ್ಬಿಡಿ," ಎಂದರು. ನಾನು ಕಾಫಿ ಕುಡಿಯಲು ಕರೆಯುವಷ್ಟರಲ್ಲಿ ಆಟೊ ತಿರುಗಿತ್ತು.

ಅವರದು ಇನ್ನೊಂದು ಕಟ್ಟುನಿಟ್ಟು. ಸಂಜೆ ಮಗುವನ್ನು ರಸ್ತೆಯಲ್ಲಿ ಇಳಿಸಿ ಹೋಗುತ್ತಿರಲಿಲ್ಲ. ತಾವೇ ಇಳಿದು, ಕೈ ಹಿಡಿದು, ತಮಗೆ ಮುಖ ಗೊತ್ತಿದ್ದವರ ಕೈಗೆ ಒಪ್ಪಿಸಬೇಕು. ಬೇರೆ ಯಾರಾದರೂ ಕರೆದುಕೊಳ್ಳಲು ಬರುವುದಿದ್ದರೆ ಬೆಳಿಗ್ಗೆಯೇ ಚೀಟಿ ಬರೆದು ಕಳಿಸಬೇಕು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಸಂಜೆ ಎಷ್ಟೋ ಸಲ ಮೀಟಿಂಗು. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಒಮ್ಮೆ ರೇಗಿದ್ದೆ.

"ಫೋನಲ್ಲಿ ಯಾರ ದನಿ ಯಾರದ್ದೋ ಮೇಡಂ. ಅಕ್ಷರ ಆದ್ರೆ ಸುಳ್ಳು ಹೇಳಲ್ಲ. ನಿಮ್ಮ ಅಕ್ಷರ ನಂಗೆ ಗೊತ್ತು, ಮುತ್ತು ಪೋಣಿಸಿದ ಹಾಗೆ," ಎಂದಿದ್ದರು. ಹೊಗಳಿಕೆಗೆ ಕರಗಿ ಅಂದಿನಿಂದ ಚೀಟಿಗಳನ್ನು ಇನ್ನಷ್ಟು ದುಂಡಗೆ ಬರೆಯತೊಡಗಿದೆ.

ನನ್ನ ಅಕ್ಷರಕ್ಕೆ ನಮ್ಮ ಬಡಾವಣೆಯಲ್ಲಿಯೂ ಬೇಡಿಕೆ ಇತ್ತು. ಬೀದಿದೀಪ ಕೆಟ್ಟರೆ, ಕಸದ ಗಾಡಿ ಬಾರದಿದ್ದರೆ ಅರ್ಜಿ ಬರೆಯಲು ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ನಾನೂ ಉಬ್ಬಿ ಬರೆದುಕೊಡುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಬಸ್ ಬಹಳ ತಡವಾಯಿತು. ಹೊಸಮನೆ ಬಡಾವಣೆಯಲ್ಲಿ ಒಂದು ಮಗುವಿನ ಮನೆಗೆ ಬೀಗ. ಅಜ್ಜಿ ಹಿಟ್ಟಿನ ಗಿರಣಿಗೆ ಹೋಗಿದ್ದರಂತೆ. ಪಕ್ಕದ ಮನೆಯವರು ನಾವು ನೋಡಿಕೊಳ್ಳುತ್ತೇವೆ ಎಂದರೂ ಅಜ್ಜ ಕೇಳಲಿಲ್ಲ, ಏಕೆಂದರೆ ಚೀಟಿ ಇರಲಿಲ್ಲ. ಎಂಜಿನ್ ಆಫ್ ಮಾಡಿ, ಅಜ್ಜಿ ಬರುವವರೆಗೂ ಆ ಮಗುವಿನ ಕೈ ಹಿಡಿದುಕೊಂಡು ನಿಂತಿದ್ದರು. ಇತ್ತ ನಮ್ಮ ಸ್ಟಾಪಿನಲ್ಲಿ ನಾವು ಏಳೆಂಟು ಜನ ಕುದಿಯುತ್ತಿದ್ದೆವು. ನನ್ನ ಮಗಳ ಅಬ್ಯಾಕಸ್ ಕ್ಲಾಸು ತಪ್ಪಿಹೋಯಿತು. ಹೌದು, ಅಬ್ಯಾಕಸ್! ಮಣಿ ಎಣಿಸುವ ಒಂದು ಕ್ಲಾಸಿಗಾಗಿ ನನ್ನ ತಲೆ ಕೆಟ್ಟಿತು. ಈಗ ಅವಳಿಗೆ ಆ ಮಣಿಗಳು ಮನೆಯಲ್ಲಿ ಎಲ್ಲಿವೆ ಎಂಬುದೂ ನೆನಪಿಲ್ಲ.

ಉಗುರಿನ ಕೆಸರು ಕಂಡು ಮೂಗು ಮುರಿದ ಆ ತಾಯಿಯೇ ಕಾಗದ ತಂದಳು. "ಒಂದು ಕಂಪ್ಲೇಂಟ್ ಬರ್ದು ಕೊಡಿ ಮಾರಾಯ್ತಿ, ನೀವು ಬರೆದ್ರೆ ತೂಕ ಇರತ್ತೆ," ಎಂದಳು. ಬರೆದೆ. ಸ್ಟಾಪಿನಲ್ಲಿ ನಿಂತಿದ್ದ ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡೇ ಬರೆದೆ, ಒಂದು ಚಿತ್ತಿಲ್ಲದೆ. ಎಲ್ಲರೂ ಸಹಿ ಹಾಕಿದರು. ಮೊದಲ ಸಹಿ ನನ್ನದು. ಆಡಳಿತ ಮಂಡಳಿಗೆ ಬೇಕಾಗಿದ್ದೂ ಅಂಥದೊಂದು ಕಾಗದವೇ. ತಿಂಗಳು ಮುಗಿಯುವುದರೊಳಗೆ ಅವರನ್ನು ಮನೆಗೆ ಕಳಿಸಿ, ಗಡಿಯಾರ ನೋಡಿ ಬಸ್ ಓಡಿಸುವ ಒಬ್ಬನನ್ನು ತಂದರು. ಅವನು ಬಾಗಿಲು ತೆಗೆಯುತ್ತಾನೆ, ಮಕ್ಕಳು ಇಳಿಯುತ್ತವೆ, ಅವು ರಸ್ತೆ ದಾಟುವ ಮೊದಲೇ ಬಸ್ ಮುಂದಿನ ತಿರುವಿನಲ್ಲಿರುತ್ತದೆ. ಒಂದು ನಿಮಿಷವೂ ತಡವಿಲ್ಲ.

ಆ ಕೊನೆಯ ದಿನ ಕೂಡ ಅಜ್ಜ ನನ್ನ ಮಗಳ ಕೈ ಹಿಡಿದು ರಸ್ತೆ ದಾಟಿಸಿ ನನಗೆ ಒಪ್ಪಿಸಿದರು. "ಬರ್ತೀನಿ ಮೇಡಂ," ಎಂದರು. ಮುಖದಲ್ಲಿ ಏನೂ ಇರಲಿಲ್ಲ. ಬರೆದದ್ದು ಯಾರೆಂದು ಅವರಿಗೆ ಗೊತ್ತಿಲ್ಲವೆಂದುಕೊಂಡು ನಾನು ನಿರಾಳವಾಗಿ ಉಸಿರು ಬಿಟ್ಟೆ. ಆ ನಿರಾಳವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅವರು ತೀರಿಕೊಂಡದ್ದು ಕಳೆದ ತಿಂಗಳು, ಗದ್ದೆಯ ಬದುವಿನ ಮೇಲೆ. ಗುದ್ದಲಿ ಪಕ್ಕದಲ್ಲೇ ಬಿದ್ದಿತ್ತಂತೆ. ಸುದ್ದಿ ತಿಳಿದು ಹಳೆಯ ವಿದ್ಯಾರ್ಥಿಗಳೆಲ್ಲ ಮೊಬೈಲಿನಲ್ಲಿ ಅವರ ಫೋಟೊ ಹಾಕಿ ಅತ್ತರು. ಆಗ ಆಡಳಿತ ಮಂಡಳಿಗೂ ದುಃಖ ಉಕ್ಕಿತು. ಶ್ರದ್ಧಾಂಜಲಿ ಸಭೆಗೆ ನುಡಿನಮನ ಬರೆದು ಓದಬೇಕೆಂದು ನನಗೆ ಫೋನು. "ನಿಮ್ಮ ಭಾಷೆ ಚೆನ್ನಾಗಿದೆ ಮೇಡಂ," ಎಂದರು. ಬೇಡ ಎನ್ನಬೇಕಿತ್ತು. ಆಗಲಿ ಎಂದೆ.

ಸೈನ್ಯದ ವಿವರ ಕೇಳಿ ಬರೋಣವೆಂದು ಅವರ ಊರಿಗೆ ಹೋದೆ. ಭದ್ರಾವತಿಯಲ್ಲಿ ಇಳಿದು ಆಟೊ ಹಿಡಿದು, ಚಾನಲ್ ಏರಿಯ ಮೇಲೆ ಒಂದಿಷ್ಟು ನಡೆದರೆ ಮನೆ. ಅವರ ಹೆಂಡತಿ ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಒಳಗಿನಿಂದ ಕಪ್ಪು ಬಣ್ಣದ ಮಿಲಿಟರಿ ಟ್ರಂಕು ಎಳೆದು ತಂದರು. ಮೇಲೆ ಸಮವಸ್ತ್ರ, ಪದಕಗಳು. ಅದರ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟುಗಳು. ಎಲ್ಲ ಮಕ್ಕಳ ಮನೆಯ ಚೀಟಿಗಳು, ವರ್ಷವರ್ಷದವು. ನನ್ನವೂ ಇದ್ದವು. 'ಇಂದು ಮಗಳನ್ನು ಎದುರು ಮನೆಯ ಅಜ್ಜಿಯ ಕೈಗೆ ಕೊಡುವುದು.'

ನನ್ನ ಚೀಟಿಗಳ ಕಟ್ಟಿನ ಜೊತೆಯಲ್ಲೇ ಮಡಚಿದ ಒಂದು ಜೆರಾಕ್ಸ್ ಕಾಗದ. ಬಿಡಿಸುವ ಮೊದಲೇ ಅಕ್ಷರ ಕಂಡಿತು.

"ಕೆಲಸ ಬಿಡಿಸಿದ ದಿನ ಬೆಳಿಗ್ಗೇನೇ ಅವ್ರ ಕೈಗೆ ಕೊಟ್ಟಿದ್ರು," ಎಂದರು ಆಕೆ. "ಇದು ಆ ಮೇಡಂ ಅಕ್ಷರ ಅಂತ ಅವತ್ತೇ ಅಂದ್ರು. ನಂಗೆ ಸಿಟ್ಟು ಬಂದು ಒಲೆಗೆ ಹಾಕೋಕೆ ಹೋದೆ. ಬೇಡ ಅಂದ್ರು. ಬರ್ದಿರೋದ್ರಲ್ಲಿ ಒಂದೂ ಸುಳ್ಳಿಲ್ಲ ಕಣೆ, ಲೇಟಾಗಿದ್ದು ನಿಜ ತಾನೇ ಅಂದ್ರು."

ಗೊತ್ತಿದ್ದೂ ಅವರು ಆ ಸಂಜೆ ನನ್ನ ಮಗಳ ಕೈ ಹಿಡಿದು ತಂದಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ರಸ್ತೆಯ ಮೇಲೆ ನಿಲ್ಲಿಸಿ ನಾಲ್ಕು ಮಾತು ಬೈದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಜಗಳವಾಡಿ, ಮಾತು ಬಿಟ್ಟು, ಆಮೇಲೆ ಹೋಗಿ ಕ್ಷಮೆ ಕೇಳುವ ದಾರಿಯಾದರೂ ನನಗೆ ಉಳಿಯುತ್ತಿತ್ತು. ಈಗ ಕೇಳುವುದು ಯಾರನ್ನು? ಆ ಕಾಗದವನ್ನು ಸಭೆಗೆ ಒಯ್ಯಲೇ ಎಂದೆ. ಆಕೆ ನನ್ನ ಮುಖ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದರು.

ಸಭೆಯಲ್ಲಿ ಆಕೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದೆಸಿದ್ದರು. ಅರ್ಜಿಗೆ ಸಹಿ ಹಾಕಿದವರೆಲ್ಲ ಬಿಳಿ ಬಟ್ಟೆಯಲ್ಲಿ ಬಂದಿದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಶಿಸ್ತು, ಸೇವೆ, ದೇಶಭಕ್ತಿ ಎಂದೆಲ್ಲ ಮಾತಾಡಿ ಕನ್ನಡಕ ಒರೆಸಿಕೊಂಡರು. ನನ್ನ ಸರದಿ ಬಂತು. ಬರೆದು ತಂದಿದ್ದ ನುಡಿನಮನವನ್ನು ಬ್ಯಾಗಿನಲ್ಲೇ ಬಿಟ್ಟು ಆ ಜೆರಾಕ್ಸ್ ಬಿಡಿಸಿದೆ.

"ಈ ಚಾಲಕರು ಪ್ರತಿ ಸ್ಟಾಪಿನಲ್ಲೂ ತಾವೇ ಬಸ್ಸಿನಿಂದ ಇಳಿಯುತ್ತಾರೆ," ಎಂದು ಓದಿದೆ. "ಮನೆಯವರು ಬರುವವರೆಗೆ ಮಗುವಿನ ಕೈ ಬಿಡುವುದಿಲ್ಲ. ಎಷ್ಟು ಹೇಳಿದರೂ ಕೊನೆಯ ಸೀಟಿನವರೆಗೆ ನಡೆದು, ಸೀಟುಗಳ ಕೆಳಗೆಲ್ಲ ಬಗ್ಗಿ ನೋಡುತ್ತಾರೆ. ಹೆತ್ತವರೇ ಫೋನ್ ಮಾಡಿ ಹೇಳಿದರೂ ಚೀಟಿ ಇಲ್ಲದೆ ಅಪರಿಚಿತರ ಕೈಗೆ ಮಗುವನ್ನು ಒಪ್ಪಿಸುವುದಿಲ್ಲ. ಒಂದು ಮಗುವಿಗಾಗಿ ಇಡೀ ಬಸ್ಸನ್ನು ನಿಲ್ಲಿಸುತ್ತಾರೆ."

ಅಷ್ಟು ಓದಿ ತಲೆಯೆತ್ತಿದೆ. ಇದನ್ನು ಬರೆದವಳು ನಾನು, ಸಹಿ ಹಾಕಿದವರು ನೀವು, ಅವರನ್ನು ತೆಗೆದುಹಾಕಿದ್ದು ಇದೇ ಕಾಗದ ಹಿಡಿದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಕಾಗದ ತಂದುಕೊಟ್ಟಿದ್ದ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾವು ಸಹಿ ಹಾಕಿದ್ದು ಯಾವುದಕ್ಕೆಂದು ಒಬ್ಬರಿಗೂ ನೆನಪಿರಲಿಲ್ಲ. ಅಂದು ಓದಿಯೇ ಇರಲಿಲ್ಲವೋ ಏನೋ. ಕಾರ್ಯದರ್ಶಿಗಳು ಎದ್ದು ಬಂದು, ಎಷ್ಟು ಮನಮುಟ್ಟುವಂತೆ ಹೇಳಿದರು ನೋಡಿ ಎನ್ನುತ್ತ ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

ಕಿತ್ತುಕೊಳ್ಳಬಹುದಿತ್ತು. ಗಂಟಲೆತ್ತಿ ಕೂಗಿದ್ದರೂ ಆ ಹಾಲಿನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ನಾನು ಸುಮ್ಮನೆ ಮೆಟ್ಟಿಲಿಳಿದು ಬಂದೆ.

ಚಪ್ಪಾಳೆ ತಟ್ಟದೆ ಕೂತಿದ್ದವರು ಅಜ್ಜನ ಹೆಂಡತಿ ಒಬ್ಬರೇ. ನಾನು ಎದುರಿಗೆ ಬಂದಾಗ ಎದ್ದು ನಿಂತು, ಹೊದೆಸಿದ್ದ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಕೈ ಚಾಚಿದರು.

"ಆ ಕಾಗದ ಕೊಡಿ ಮೇಡಂ. ಚೀಟಿಗಳ ಜೊತೆ ಇಡ್ಬೇಕು."