ಹನ್ನೊಂದು ಹೆಬ್ಬೆಟ್ಟು

ನೀಲಾ, ಶರಣು — ನಾನು ಒಮ್ಮೆ ಒಂದು ಕಾಗದವನ್ನು ಸುಳ್ಳು ಓದಿದ್ದೇನೆ. ಅಕ್ಷರ ತಿಳಿಯದೆ ತಪ್ಪಿದ್ದಲ್ಲ. ಹಾಳೆಯ ಮೇಲೆ ಒಂದು ಬರೆದಿತ್ತು, ಬೇಕಂತಲೇ ಇನ್ನೊಂದು ಓದಿದೆ. ನನ್ನ ದನಿ ನಂಬಿ ಹನ್ನೊಂದು ಜನ ಹೆಂಗಸರು ಆ ಹಾಳೆಗೆ ಹೆಬ್ಬೆಟ್ಟು ಒತ್ತಿದರು. ಅದರಿಂದ ಭೀಮವ್ವ ಎನ್ನುವಾಕೆ ಜೇಲಿಗೆ ಹೋದಳು. ಆಗ ನನಗೆ ಹದಿನೆಂಟು ವರ್ಷ. ಸಣ್ಣವಳಿದ್ದೆ ಎಂದು ನೀವು ಕನಿಕರ ಪಡಲಿ ಅಂತ ಇದನ್ನು ಹೇಳುತ್ತಿಲ್ಲ. ಹದಿನೆಂಟಕ್ಕೆ ಸುಳ್ಳು ಯಾವುದು, ನಿಜ ಯಾವುದು ಎಂದು ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದೇನೆಂದರೆ — ನಿಮ್ಮಪ್ಪ ಕೇಳಿದ. ಊರ ಶಾಲೆಯ ಹೊಸ ಕೋಣೆಗೆ ನನ್ನ ಮಾವನವರ, ಎಂದರೆ ನಿಮ್ಮ ಮುತ್ತಜ್ಜನ ಹೆಸರಿಡುತ್ತಾರಂತೆ. “ಮುತ್ತ್ಯಾ ನಿಜಾಮನ ಕಾಲದಾಗ ಊರ ಮಂದೀನ ಹೆಂಗ ಕಾಪಾಡಿದ ಅಂತ ನಾಕು ಸಾಲು ಬರದು ಕೊಡಬೇ ಯವ್ವಾ. ಕಣ್ಣಿಲೆ ನೋಡಿದಾಕಿ ನೀನೊಬ್ಬಾಕಿ ಉಳದೀದಿ” ಅಂದ. ನಾಲ್ಕು ಸಾಲಿನಲ್ಲಿ ಮುಗಿಯಲಿಲ್ಲ. ಇದೋ, ಕಣ್ಣಿಂದ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ನನ್ನ ತವರು ಮುದಗಲ್ ಹತ್ತಿರದ ಹಳ್ಳಿ. ಅಲ್ಲಿ ಮಠದ ಅಯ್ಯನವರು ಗಂಡುಹುಡುಗರಿಗೆ ಓದು ಹೇಳಿಕೊಡುವಾಗ ಅಣ್ಣ ಬಸಣ್ಣನ ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡರು. ಮರಳ ಮೇಲೆ ಬೆರಳಿಟ್ಟು ಕಲಿತ ಅಕ್ಷರ. ಮದುವೆಯಾಗಿ ಮಸ್ಕಿ ಕಡೆಯ ಈ ಊರಿಗೆ ಬಂದಾಗ, ಓದು ಬರುವ ಹೆಂಗಸು ಇಡೀ ಊರಿಗೆ ನಾನೊಬ್ಬಳೇ. ಮಾವನವರು ಊರ ಗೌಡರು, ಪೊಲೀಸ್ ಪಾಟೀಲರು. ಅವರಿಗೆ ನನ್ನ ಓದು ಸೇರುತ್ತಿರಲಿಲ್ಲ. “ಹೆಣ್ಣಮಗಳು ಓದಿ ಪಟವಾರಿಕಿ ಮಾಡಾಕೈತೇನು?” ಎಂದು ಅತ್ತೆಯ ಮುಂದೆ ಅನ್ನುತ್ತಿದ್ದರು. ನಾನು ಗಂಡಸರ ಎದುರಿಗೆ ಬರುತ್ತಿದ್ದವಳಲ್ಲ. ನನ್ನ ದನಿ ಒಲೆಯ ಮುಂದಿನಿಂದ ಆಚೆ ಹೋಗುತ್ತಿರಲಿಲ್ಲ.

ಬಿತ್ತನೆಯ ಶೇಂಗಾ ಒಡೆಯಲು ಕೇರಿಯ ಹೆಂಗಸರು ನಮ್ಮ ಅಂಗಳಕ್ಕೆ ಬರುತ್ತಿದ್ದರು. ನಾನು ತಲೆಬಾಗಿಲ ಒಳಗೆ, ಅವರು ಹೊರಗೆ ಬಿಸಿಲಲ್ಲಿ. ಒಬ್ಬರನ್ನೊಬ್ಬರು ಮುಟ್ಟದ ಹಾಗೆ ಕೂರುವ ಕಾಲ ಅದು. ಅದೂ ಒಂದು ತಪ್ಪೇ — ಅದನ್ನು ಬರೆಯಲು ಇನ್ನಷ್ಟು ಹಾಳೆ ಬೇಕು. ಕೆಲಸ ಮಾಡುತ್ತ ಅವರು “ಏನರ ಓದ್ರಿ ಸಣ್ಣಮ್ಮೋರ” ಎನ್ನುತ್ತಿದ್ದರು. ನಾನು ಪುರಾಣದ್ದೋ ವಚನದ್ದೋ ಒಂದೆರಡು ಪುಟ ಓದುತ್ತಿದ್ದೆ. ಒಂದು ದಿನ ಪುಸ್ತಕದ ಬದಲು ಅಣ್ಣನ ಕಾಗದ ಓದಿದೆ. ಅಣ್ಣ ಲಿಂಗಸುಗೂರಿನ ವಕೀಲರೊಬ್ಬರ ಹತ್ತಿರ ಕಾರಕೂನನಾಗಿದ್ದ. ಬಿಟ್ಟಿ ಹಿಡಿಯಬಾರದೆಂದು ಸರ್ಕಾರದ್ದೇ ಹುಕುಂ ಆಗಿ ಬಹಳ ವರ್ಷವಾಯಿತು, ಹಳ್ಳಿಯವರಿಗೆ ಅದನ್ನು ಯಾರೂ ಓದಿ ಹೇಳುವುದಿಲ್ಲ ಎಂದು ಬರೆದಿದ್ದ.

ಬಿಟ್ಟಿ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಅಧಿಕಾರಿಗಳು ಊರೂರು ತಿರುಗುತ್ತ ದೌರೆಗೆ ಬಂದರೆ ಕೇರಿಯವರು ಕೂಲಿಯಿಲ್ಲದೆ ಕಟ್ಟಿಗೆ ಒಡೆಯಬೇಕು, ನೀರು ಹೊರಬೇಕು, ಸಾಕಿದ ಕೋಳಿ ಕೊಡಬೇಕು, ಮುಂದಿನ ಊರಿನ ತನಕ ಗಂಟು ಹೊತ್ತು ನಡೆಯಬೇಕು. ಆಗುವುದಿಲ್ಲ ಎಂದರೆ ಒದೆ.

ಭೀಮವ್ವ ಶೇಂಗಾ ಒಡೆಯುವುದನ್ನು ನಿಲ್ಲಿಸಿ “ಇನ್ನೊಮ್ಮೆ ಓದ್ರಿ” ಅಂದಳು. ಓದಿದೆ. “ಇನ್ನೊಮ್ಮೆ.” ಮೂರು ಸಲ ಓದಿಸಿದಳು. ಆಮೇಲೆ ಪಕ್ಕದಲ್ಲಿದ್ದ ಮುದುಕಿ ಹುಲಿಗೆವ್ವನ ತೊಡೆಗೆ ಹೊಡೆದು ನಕ್ಕಳು. “ಕೇಳ್ದೇನಬೇ ಮುದುಕಿ? ಹುಕುಂ ಬಂದು ಊರ ಹೊರಗ ನಿಂತೈತಿ, ಒಳಗ ಕರಕೊಂಬರಾಕ ಯಾರಿಗೂ ಪುರಸೊತ್ತ ಇಲ್ಲ!”

ಕೆಲವು ದಿನಗಳಲ್ಲಿ ತಹಶೀಲ್ದಾರರು ದೌರೆಗೆ ಬಂದರು. ಚಾವಡಿ ನಮ್ಮ ಮನೆಯ ಎದುರಿಗೇ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ನಾನು ಎಲ್ಲ ಕೇಳಿಸಿಕೊಂಡೆ. ಜವಾನ, “ಏ ಭೀಮಿ, ಸಾಹೇಬ್ರ ಊಟಕ್ಕ ಎರಡು ಕೋಳಿ ತಗೊಂಬಾ” ಅಂದ.

“ಕೋಳಿ ತಾವ ನಡಕೋಂತ ಬಂದ್ರ ಕರಕೊಂಡು ಹೋಗ್ರಿ. ನಾ ಹೊತ್ತು ತರಂಗಿಲ್ಲ. ಬಿಟ್ಟಿ ಹಿಡೀಬಾರ್ದಂತ ಹುಕುಂ ಐತಿ.”

ಚಾವಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವನವರು ಎದ್ದು ನಿಂತರು. “ಯಾರು ಹೇಳಿದ್ರಬೇ ನಿನಗ?”

“ಹೇಳಿದಾವ್ರದೇನ್ರಿ ಗೌಡ್ರ, ಹುಕುಂ ಸರ್ಕಾರದ್ದು. ಸರ್ಕಾರದಾವ್ರು ಇಲ್ಲೇ ಕುಂತಾರ. ಅವರನ್ನ ಕೇಳ್ರಿ.”

ತಹಶೀಲ್ದಾರರು ಕೆಮ್ಮಿದರು. ಹುಕುಂ ಇದ್ದದ್ದು ಅವರಿಗೂ ಗೊತ್ತು. ಜವಾನನಿಗೆ ಹೇಳಿ ಕೋಳಿಗೆ ರೊಕ್ಕ ಕೊಡಿಸಿ ಹೋದರು. ಮಾಳಿಗೆಯ ಮೇಲೆ ನನಗಾದದ್ದು ಹೆದರಿಕೆಯೋ ಸಂತೋಷವೋ, ಇವತ್ತಿಗೂ ಬೇರೆ ಮಾಡಿ ಹೇಳಲಾರೆ. ಅವಳು ಆಡಿದ ಮಾತು ನಾನು ಓದಿ ಕೊಟ್ಟದ್ದು. ಯಾರು ಹೇಳಿದ್ದೆಂದು ಕೇಳಿದರೂ ಅವಳು ನನ್ನ ಹೆಸರು ಹೇಳಲಿಲ್ಲ.

ಆ ಮಾತಿಗಾಗಿ ಅವಳನ್ನು ಹಿಡಿಯಲು ಬರುವಂತಿರಲಿಲ್ಲ, ಏಕೆಂದರೆ ಮಾತು ನಿಜವಾಗಿತ್ತು. ಅದಕ್ಕೆ ಮಾವನವರು ಬೇರೆ ಗುನ್ಹೆ ಹುಡುಕಿದರು. ಒಂದು ಮುಂಜಾನೆ ಪೊಲೀಸ್ ಅಮೀನರು ಲಿಂಗಸುಗೂರಿನಿಂದ ಬಂದು ಭೀಮವ್ವನನ್ನು ಚಾವಡಿಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಕೇರಿಯ ಹೆಂಗಸರು ಓಡಿ ಬಂದು ನಮ್ಮ ಅಂಗಳದಲ್ಲಿ ಕೈಮುಗಿದು ನಿಂತರು. “ಆಕಿ ಒಳ್ಳೆಯಾಕಿ ಅಂತ ಬರಸೀನಿ, ಬೆಟ್ಟು ಒತ್ರಿ, ಬಿಡಸ್ತೀನಿ” ಅಂದರು ಮಾವನವರು. ಊರ ಲೆಕ್ಕ ಬರೆಯುವ ಪಟವಾರಿ ಹಾಳೆ ತೆಗೆದು ಓದಲು ಹೊರಟ. ಹುಲಿಗೆವ್ವ ತಡೆದಳು. “ಪಟವಾರಿ ಓದಿದ್ದು ನಮಗ ಬ್ಯಾಡ್ರಿ. ಸಣ್ಣಮ್ಮೋರು ಓದ್ಲಿ.”

ಮಾವನವರು ಅಡುಗೆಮನೆಯ ಹೊಸ್ತಿಲ ತನಕ ಬಂದರು. ನನ್ನ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

“ನೋಡವಾ, ನೀ ಓದಬೇಕು. ಹಾಳಿಮ್ಯಾಲ ಇದ್ದದ್ದಲ್ಲ, ನಾ ಹೇಳಿದ್ದು. ನಿಮ್ಮಣ್ಣನ ಕಾಗದ ನಿಮ್ಮತ್ತಿ ಕೈಗೆ ಸಿಕ್ಕೈತಿ. ಅಮೀನ ಸಾಹೇಬ್ರಿಗೆ ಅದನ್ನೂ ತೋರಿಸ್ಲೇನು?”

ಹಾಳೆ ನನ್ನ ಕೈಗೆ ಬಂತು. ಗೌಡರ ಬಣವೆಗೆ ಬೆಂಕಿ ಹಚ್ಚಲು ಭೀಮವ್ವ ನಮ್ಮನ್ನು ಕರೆದಳು, ನಾವು ಒಲ್ಲೆವೆಂದಾಗ ಜೀವ ತೆಗೆಯುತ್ತೇನೆಂದು ಬೆದರಿಸಿದಳು — ಹಾಗೆ ಬರೆದಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಓದಿದೆ: ಭೀಮವ್ವ ಒಳ್ಳೆಯ ಹೆಂಗಸು, ಅವಳು ಆಡಿದ್ದು ನಮ್ಮೆಲ್ಲರ ಮಾತು, ಅವಳನ್ನು ಬಿಡಬೇಕು. ನಡುವೆ ಒಂದು ಕಡೆ ಅಕ್ಷರ ತಿಳಿಯದವಳ ಹಾಗೆ ತಡೆದು, ಹಿಂದೆ ಹೋಗಿ ಮತ್ತೆ ಓದಿದೆ. ಅದನ್ನು ಮಾವನವರು ಹೇಳಿಕೊಟ್ಟಿರಲಿಲ್ಲ. ನಾನೇ ಮಾಡಿದೆ — ನಿಜವಾದ ಓದಿನ ಹಾಗೆ ಕೇಳಲಿ ಎಂದು.

ಹುಲಿಗೆವ್ವ ಬಾಗಿಲ ಹತ್ತಿರ ಬಂದು ಕೇಳಿದಳು. “ಅದರಾಗ ಹಂಗ ಬರದೈತೇನವಾ? ನಿನ್ನ ಬಾಯಿಲೆ ಹೇಳು.”

“ಹಂಗ ಬರದೈತಿ ಹುಲಿಗೆವ್ವ” ಅಂದೆ.

ಅಣ್ಣನನ್ನು ಉಳಿಸಲು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಣ್ಣನ ಮುಂದೆ ಮಾತ್ರ ಒಮ್ಮೆ ಇದನ್ನು ಆಡಿದ್ದೆ. ಅವನು, “ಕಾಗದ ತೋರಸ್ರಿ ಅನಬೇಕಾಗಿತ್ತು ತಂಗಿ. ನನಗ ಚಾಕರಿ ಬ್ಯಾರೆ ಕಡೆ ಸಿಗತಿತ್ತು” ಅಂದ. ಅಲ್ಲಿಗೆ ಆ ನೆಪವೂ ಹೋಯಿತು. ನಿಜ ಬೇರೆಯೇ ಇತ್ತು. ನನ್ನ ಓದನ್ನು ಹಳಿಯುತ್ತಿದ್ದ ಮಾವನವರು ಅಂದು ನನ್ನ ಹೊಸ್ತಿಲಿಗೆ ಬಂದು ಓದು ಎಂದರಲ್ಲ — ಚಾವಡಿಯ ಗಂಡಸರೆಲ್ಲ ನನ್ನ ದನಿಗಾಗಿ ಬಾಯಿ ಮುಚ್ಚಿ ನಿಂತರಲ್ಲ — ಆಗ ಒಳಗೆ ಎಲ್ಲೋ ಒಂದು ಹಿಗ್ಗು... ಈ ಸಾಲನ್ನು ಅಳಿಸುವುದಿಲ್ಲ.

ಒಂದು ಹಂಗಾಮು ಕಳೆದು ಮತ್ತೊಂದು ಹಂಗಾಮಿಗೆ ಭೀಮವ್ವ ಜೇಲಿನಿಂದ ಬಂದಳು. ಕಚೇರಿಯಲ್ಲಿ ಅವಳಿಗೆ ಆ ಹಾಳೆ ಓದಿ ಹೇಳಿದ್ದರು, ಹನ್ನೊಂದು ಹೆಸರು ಸಹಿತ. ನಾವು ಒತ್ತಿದ್ದು ಅದಕ್ಕಲ್ಲ, ಸಣ್ಣಮ್ಮೋರು ಓದಿದ್ದು ಬೇರೆ ಎಂದು ಹೆಂಗಸರು ಮಕ್ಕಳ ಮೇಲೆ ಆಣೆ ಇಟ್ಟರು. ಅವಳು ನಂಬಲಿಲ್ಲ. ಅವಳು ಅಂದದ್ದನ್ನು ಹುಲಿಗೆವ್ವ ನಮ್ಮ ಅಂಗಳದಲ್ಲಿ ನಿಂತು ನನಗೆ ಕೇಳುವ ಹಾಗೆ ಹೇಳಿದಳು: “‘ಪಾಟೀಲ ಸುಳ್ಳ, ಪಟವಾರಿ ಸುಳ್ಳ, ನೀವು ಹನ್ನೊಂದು ಮಂದೀನೂ ಸುಳ್ಳ. ಸಣ್ಣಮ್ಮೋರು ಸುಳ್ಳು ಓದಾಕಿ ಅಲ್ಲ’ ಅಂತಾಳ್ರಿ. ನೀನ ಬಂದು ಆಕಿಗೊಂದು ಮಾತು ಹೇಳವಾ. ನಮ್ಮ ಕೈಲೆ ನೀರು ಸೈತ ಇಸಗೊಳ್ಳವಲ್ಲಳು.”

ನಾನು ಒಳಗೇ ಇದ್ದೆ. ತಲೆನೋವೆಂದು ಮಲಗಿದ್ದಾಳೆ ಎಂದು ಅತ್ತೆ ಹೇಳಿದರು. ನಾನು ಮಲಗಿರಲಿಲ್ಲ, ಅಕ್ಕಿ ಆರಿಸುತ್ತಿದ್ದೆ.

ಅವಳ ಮೈಗೆ ಕಷ್ಟ ಕೊಟ್ಟದ್ದು ಜೇಲು. ಅವಳ ಜನವನ್ನು ಅವಳಿಂದ ಕಿತ್ತುಕೊಂಡವಳು ನಾನು. ಕೆಲವೇ ದಿನಗಳಲ್ಲಿ ಗುಡಿಸಲು ಬಿಟ್ಟು ಗೊರೇಬಾಳದಲ್ಲಿದ್ದ ಮಗಳ ಮನೆಗೆ ಹೋದಳು. ಮತ್ತೆ ಈ ಊರಿಗೆ ಬರಲಿಲ್ಲ. ಅವಳು ಹೋದ ಮೇಲೆ ದೌರೆಗೆ ಬಂದವರಿಗೆ ಕೇರಿಯವರು ಮೊದಲಿನ ಹಾಗೆ ಕೋಳಿ ಕೊಟ್ಟರು. ಹುಕುಂ ಇದೆ ಎಂದು ಯಾರೂ ಬಾಯಿ ಬಿಡಲಿಲ್ಲ. ನನ್ನನ್ನು ಓದು ಎಂದು ಯಾರೂ ಕೇಳಲೂ ಇಲ್ಲ.

ನಿಜಾಮರ ಕಾಲ, ಹೆದರಿದ್ದೆ ಎನ್ನಬಹುದೆ? ನಿಜಾಮರ ರಾಜ್ಯ ಹೋಯಿತು. ಮಾವನವರು ಬಿಳಿ ಟೊಪ್ಪಿಗೆ ಹಾಕಿಕೊಂಡು ಅದೇ ಚಾವಡಿಯ ಮುಂದೆ ಬಾವುಟ ಏರಿಸಿದರು. ಎಲ್ಲರಿಗೂ ಮಾತಾಡುವ ಹಕ್ಕು ಬಂತು ಎಂದು ಭಾಷಣವಾಯಿತು. ನಾನೂ ಕೇಳಿದೆ. ಕೇಳಿ ಒಳಗೆ ಹೋಗಿ ರೊಟ್ಟಿ ಬಡಿದೆ. ಆಗ ಬಾಯಿ ಬಿಟ್ಟಿದ್ದರೆ ನನ್ನನ್ನು ಯಾವ ಅಮೀನನೂ ಹಿಡಿಯುತ್ತಿರಲಿಲ್ಲ. ನಿಮ್ಮ ಅಜ್ಜನಿಗೂ ಎಲ್ಲ ಗೊತ್ತಿತ್ತು. ಅವರು ಬಾಯಿ ಮುಚ್ಚಿಕೊಂಡೇ ಹೋದರು. ನಾನು ಅವರ ಹಿಂದೆ ಹಾಗೆ ಹೋಗಲು ಒಲ್ಲೆ.

ಹದಿನೈದು ದಿನದ ಹಿಂದೆ, ಸಿಂಧನೂರಿಗೆ ಕಣ್ಣು ತೋರಿಸಲು ಹೋಗುತ್ತೇನೆಂದು ನಿಮ್ಮಪ್ಪನಿಗೆ ಹೇಳಿ ಗೊರೇಬಾಳಕ್ಕೆ ಹೋಗಿದ್ದೆ. ಭೀಮವ್ವ ತೀರಿ ಬಹಳ ಕಾಲವಾಗಿದೆ. ಮಗಳು ಯಲ್ಲವ್ವ ಇದ್ದಾಳೆ, ನನ್ನದೇ ವಯಸ್ಸು. ಅವಳ ಮಗಳು ಕನ್ನಡ ಶಾಲೆಯಲ್ಲಿ ಟೀಚರು. ನಾನು ಎಲ್ಲ ಹೇಳಿದೆ. ಯಲ್ಲವ್ವ ಅಳಲಿಲ್ಲ. ನನ್ನನ್ನು ಸಮಾಧಾನವೂ ಮಾಡಲಿಲ್ಲ.

“ನಮ್ಮವ್ವ ಸಾಯೋತನ ಹುಲಿಗೆವ್ವಗ ಬೈದ್ಲು” ಅಂದಳು. “ನೀವು ನನ್ನ ಮುಂದ ಹೇಳಿ ಹಗುರಾಗಿ ಹೋಗಬ್ಯಾಡ್ರಿ. ಆ ಹನ್ನೊಂದು ಮಂದಿ ಮೊಮ್ಮಕ್ಕಳು ನಿಮ್ಮ ಊರಾಗ ಅದಾರಲ್ಲ, ಅವರ ಮುಂದ ಹೇಳ್ರಿ. ನಾನೂ ಬರ್ತೀನಿ, ಕೇಳಾಕ.”

ಹೇಳುತ್ತೇನೆ. ಕೋಣೆಗೆ ಹೆಸರಿಡುವ ದಿನ ಊರೆಲ್ಲ ಸೇರುತ್ತದೆ, ಅಂದೇ ಹೇಳುತ್ತೇನೆ. ನಿಮ್ಮಪ್ಪನಿಗೆ ಈ ಹಾಳೆಗಳನ್ನು ತೋರಿಸಿದೆ. ಎರಡು ದಿನ ಉಣ್ಣಲಿಲ್ಲ. “ಮನೆತನದ ಮಾನ ಹೋಗತೈತಿ ಯವ್ವಾ” ಅಂದ. ಹೋಗಲಿ. ಹನ್ನೊಂದು ಬಡ ಹೆಂಗಸರ ಮಾನ ತೆಗೆದು ಉಳಿಸಿಕೊಂಡದ್ದು, ಅದು ನಮ್ಮದಾಗಿತ್ತೆ? ಅಂದು ನನ್ನನ್ನು ವೇದಿಕೆ ಹತ್ತಿಸದಿದ್ದರೆ ಕೆಳಗೆ ನಿಂತೇ ಓದುತ್ತೇನೆ. ನಿಲ್ಲಿಸು ಎಂದರೆ ನಿಲ್ಲಿಸುವುದಿಲ್ಲ. ನಾನು ನಾಚಿಕೆಯ ಹೆಂಗಸು, ನಾಲ್ಕು ಜನರ ಎದುರು ಬಾಯಿ ಒಣಗುತ್ತದೆ. ಒಣಗಲಿ.

ಹಕ್ಕು ಸರ್ಕಾರದ ಕಾಗದದಲ್ಲಿ ಆಗಲೂ ಇತ್ತು, ಈಗಲೂ ಇದೆ. ಅದನ್ನು ಇದ್ದ ಹಾಗೆ ಓದಿ ಹೇಳುವುದು, ಓದಿದ್ದನ್ನು ನಂಬಿ ಎದ್ದು ನಿಂತವರ ಪಕ್ಕದಲ್ಲಿ ನಿಲ್ಲುವುದು ನಮ್ಮಂಥವರ ಕೆಲಸ. ಮೊದಲನೆಯದನ್ನು ಒಮ್ಮೆ ಮಾಡಿದೆ. ಎರಡನೆಯದು ನನ್ನಿಂದ ಆಗಲಿಲ್ಲ. ನೀವಿಬ್ಬರೂ ನನಗಿಂತ ಹೆಚ್ಚು ಓದಿದ್ದೀರಿ.

ಇದರ ಇನ್ನೊಂದು ಪ್ರತಿ ಬರೆದು ಯಲ್ಲವ್ವನ ಮಗಳಿಗೆ ಕಳಿಸಿದ್ದೇನೆ. ನೀವು ಈ ಪ್ರತಿಯಲ್ಲಿ ಒಂದು ಸಾಲು ಬದಲಿಸಿದರೂ ಅಲ್ಲಿ ಗೊತ್ತಾಗುತ್ತದೆ. ಮಾವನವರು ಮಾಡಿದ್ದನ್ನು ತೆಗೆಯಬೇಡಿ. ನನ್ನ ಹೆಸರು ಅಮರಮ್ಮ, ಅದನ್ನೂ ತೆಗೆಯಬೇಡಿ. ಅವತ್ತು ನನ್ನ ದನಿ ನಿಂತರೆ ನೀಲಾ, ನಿಂತಲ್ಲಿಂದ ನೀನು ಮುಂದೆ ಓದು. ಆಮೇಲೆ ಈ ಹಾಳೆಗಳನ್ನು ಇಬ್ಬರೂ ಜೋಪಾನ ಮಾಡಿ. ಇಲಿ, ಗೆದ್ದಲಿನಿಂದ ಮಾತ್ರವಲ್ಲ, ನಮ್ಮ ಮನೆಯವರಿಂದಲೂ.