ಮಂಡ್ಯದ ಪುಸ್ತಕಗಳಲ್ಲಿ ಸಿಕ್ಕಿದ ನನ್ನ ಸುಳ್ಳು

ಮಂಡ್ಯದಲ್ಲಿ ನಾವು ನೋಡಿದ ಮೂರು ಪುಸ್ತಕಗಳಲ್ಲೂ ಒಂದೇ ಸುಳ್ಳಿತ್ತು. ಅದನ್ನು ಹೇಳಿದವಳು ನಾನು. ನಡೆದದ್ದು ಇಷ್ಟೇ. ಆದರೂ ಹೋಗಿ ಬಂದ ದಾರಿಯನ್ನು ಹೇಳುತ್ತೇನೆ.

ಮೊಮ್ಮಗಳು ಚಂದನ ಮಾನವಶಾಸ್ತ್ರ ಓದುತ್ತಾಳೆ. ನಮ್ಮ ಕಡೆಯ ಹೆರಿಗೆ ಪದ್ಧತಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಸೋಮವಾರ ಮೇಷ್ಟ್ರಿಗೆ ಕೊಡಬೇಕಿತ್ತು. ಲೈಬ್ರರಿಯಲ್ಲಿ ಒಂದು ಸಂಗತಿ ಖಚಿತ ಮಾಡಿಕೊಳ್ಳಬೇಕು, ಹಳೆಯ ಮಾತು ತಿಳಿಯದಿದ್ದರೆ ಕೇಳಲು ನೀನಿರು ಎಂದು ನನ್ನನ್ನೂ ಹೊರಡಿಸಿದಳು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪೂರಿಗಾಲಿ ಬಿಟ್ಟೆವು. ಮಳವಳ್ಳಿಯಲ್ಲಿ ಮಂಡ್ಯದ ನೇರ ಬಸ್ಸು ತಪ್ಪಿತು; ಮದ್ದೂರಿಗೆ ಹೋಗಿ ಅಲ್ಲಿ ಬಸ್ಸು ಬದಲಾಯಿಸಿದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಸೀಟು ಮಾತ್ರ ಸಿಗುವುದಿಲ್ಲ. ಮದ್ದೂರಿನವರೆಗೂ ನಿಂತೇ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಬಸ್ಸು ಮಂಡ್ಯ ಸೇರುವಾಗ ಹತ್ತೂವರೆ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು.

ಲೈಬ್ರರಿಯ ಒಳಗೆ ತಂಪಿತ್ತು. ಕೆಲವು ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲವಂತೆ, ಅಲ್ಲೇ ಕೂತು ನೋಡಬೇಕಂತೆ. ಅಲ್ಲಿದ್ದ ಮೇಡಂ ಮೊದಲು ಒಂದು ದಪ್ಪ ಜಾನಪದ ಕೋಶ ತಂದಿಟ್ಟರು. ಕೋಶವನ್ನೇ ನಂಬಬೇಡ, ಬರೆದವರಿಗೆ ಅದು ಎಲ್ಲಿಂದ ಸಿಕ್ಕಿತು ಎಂದು ಅಡಿಯಲ್ಲಿ ಹಾಕಿರುತ್ತಾರೆ, ಅದನ್ನು ಹಿಡಿದು ಹಿಂದಕ್ಕೆ ಹೋಗು ಎಂದು ಚಂದನಳಿಗೆ ಹೇಳಿಕೊಟ್ಟರು. ಕೋಶ ಇನ್ನೊಂದು ಪುಸ್ತಕವನ್ನು ತೋರಿಸಿತು. ಆ ಪುಸ್ತಕ ಮತ್ತೊಂದನ್ನು, ರಟ್ಟು ಕಿತ್ತುಹೋದದ್ದನ್ನು. ಚಂದನ ಮೆಲ್ಲಗೆ ನನಗೂ ಓದಿ ಹೇಳಿದಳು. ಮೂರರಲ್ಲೂ ಇದ್ದದ್ದು ಒಂದೇ: ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಈ ಕಡೆಯವರು ಕುರಿದೊಡ್ಡಿಯ ಬಾಗಿಲಲ್ಲಿ ಹೂತು, ಅದರ ಮೇಲೆ ಏಳು ಕುರಿ ದಾಟಿಸುತ್ತಾರೆ. ಕೊನೆಯ ಪುಸ್ತಕದಲ್ಲಿ ಊರಿನ ಹೆಸರೂ ಇತ್ತು: ಪೂರಿಗಾಲಿಯ ಒಬ್ಬ ಗೃಹಿಣಿ ತಿಳಿಸಿದಂತೆ.

"ನಮ್ಮೂರೇ ಕಣಜ್ಜಿ," ಎಂದು ಚಂದನ ಖುಷಿಯಿಂದ ನನ್ನ ಕೈ ಹಿಡಿದಳು.

ಆ ಗೃಹಿಣಿ ನಾನು. ಚಂದನಳ ಅಪ್ಪ ಆಗ ಇನ್ನೂ ಅಂಬೆಗಾಲಿಡುತ್ತಿದ್ದ. ಪುಸ್ತಕ ಪೆನ್ನು ಹಿಡಿದ ಒಬ್ಬ ಗಂಡಸು ಜಗುಲಿಗೆ ಬಂದು ಕೂತು, ಮಾಸನ್ನು ಏನು ಮಾಡುತ್ತೀರಿ ಎಂದು ಕೇಳಿದ. ನನ್ನ ಅತ್ತೆ ಸೂಲಗಿತ್ತಿ. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದು. ಅತ್ತೆ ಹೇಳಲು ಬಾಯಿ ತೆರೆದಳು. ಗಂಡಸಿನ ಮುಂದೆ ಆಡುವ ಮಾತಲ್ಲ ಎಂದು ನಾನು ಅವಳನ್ನು ಒಳಕ್ಕೆ ಕಳಿಸಿದೆ. ಆ ಮನುಷ್ಯ ಏಳಲಿಲ್ಲ. ಎದುರಿಗೆ ದೊಡ್ಡಿ ಇತ್ತು, ಕುರಿ ಇತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. ಬರೆದುಕೊಂಡು, ಕೈಮುಗಿದು ಹೋದ. ಕೇರಿಯ ಹೆಂಗಸರೆಲ್ಲ ವಾರಗಟ್ಟಲೆ ನಕ್ಕೆವು. ಅತ್ತೆ ನಗಲಿಲ್ಲ.

ಚಂದನ ಆ ಏಳು ಕುರಿಯ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಳು. ಮಂಡ್ಯದಲ್ಲಿ ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೂ ನಿಜ. ವಾಪಸು ಬರುತ್ತಾ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಬಿಸಿ ವಡೆ ತಂದು ಮುರಿದು, ದೊಡ್ಡ ತುಂಡನ್ನು ನನಗೆ ಕೊಟ್ಟಳು. ಅದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡೆ.

"ಆ ಕುರಿ ಕತೆ ಯೋಳ್ದೋಳು ನಾನೇ ಕಣವ್ವ," ಎಂದೆ. "ಸುಳ್ಳು ಅದು."

ಅವಳು ತನ್ನ ತುಂಡನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಬರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು ಎಂದೆ, ತಪ್ಪನ್ನು ಸ್ವಲ್ಪ ಅವಳ ತಲೆಗೂ ಕಟ್ಟೋಣವೆಂದು.

"ಪುಸ್ತಕದಲ್ಲಿ ಇತ್ತಲ್ಲಜ್ಜಿ," ಎಂದಳು. ಆಮೇಲೆ, "ನಿಜ್ವಾಗ್ಲೂ ಏನ್ ಮಾಡ್ತಿದ್ರಿ?"

ಬಚ್ಚಲ ಹಿಂದೆ ಹೂಳುತ್ತಿದ್ದರು, ಅಷ್ಟು ಗೊತ್ತು. ಮಣ್ಣು ಮುಚ್ಚುವಾಗ ಅತ್ತೆ ಏನೋ ಹೇಳುತ್ತಿದ್ದಳು. ಒಳಗೆ ಮಲಗಿದ್ದ ಬಾಣಂತಿ ನಾನು. ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಏನೆಂದು ಕೇಳಲೂ ಇಲ್ಲ. ಹೇಳಲು ಬಂದ ಒಂದು ದಿನ ಅವಳ ಬಾಯಿ ಮುಚ್ಚಿಸಿದೆ. ಅತ್ತೆ ಸತ್ತ ಮೇಲೆ ಎಲ್ಲರೂ ಹೆರಿಗೆಗೆ ಆಸ್ಪತ್ರೆಗೆ ಹೋದರು, ಆ ಕೆಲಸ ಕಲಿತವರು ಊರಲ್ಲಿ ಇನ್ನೊಬ್ಬರಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಇಬ್ಬರಿಗೂ ಸೀಟು ಸಿಕ್ಕಿತು.

ಮಾರನೆಯ ಬೆಳಿಗ್ಗೆ ಕಾಫಿಗೂ ಮೊದಲು ಅವಳನ್ನು ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋದೆ. ನಿಮ್ಮಪ್ಪನದು ಇಲ್ಲಿ, ದೊಡ್ಡಪ್ಪನದು ಅಲ್ಲಿ ಎಂದು ಕಾಲಲ್ಲಿ ಗೆರೆ ಎಳೆದು ತೋರಿಸಿದೆ. ಅತ್ತೆ ಆಡಿದ ಮಾತು ಯಾವುದು ಎಂದು ಕೇಳಿ, ಅವಳು ಪೆನ್ನು ಹಿಡಿದು ಕಾದಳು.

"ಗೊತ್ತಿಲ್ಲ ಅಂತ ಬರ್ಕೊ," ಎಂದೆ. "ಗೃಹಿಣಿ ಅಂತ ಬ್ಯಾಡ. ನನ್ ಎಸ್ರು ಆಕು."