ಗೋಡೆಯ ಮೇಲಿನ ಹೆಬ್ಬೆಟ್ಟು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುವವರು ಒಮ್ಮೆ ಗುರುತಿನ ಕಚೇರಿಗೆ ಹೋಗಿ ಬರಬೇಕು. ಅಲ್ಲಿ ಹುಣ್ಣಿಗಿರಲಿ, ಅಂಗೈ ನಿಮ್ಮದೇ ಎನ್ನುವುದಕ್ಕೂ ಯಂತ್ರ ಹೂಂ ಅನ್ನಬೇಕು. ಮಸಿಯಪ್ಪ ಬಲಗೈ ಹೆಬ್ಬೆರಳನ್ನು ಅದರ ಗಾಜಿನ ಮೇಲೆ ಒತ್ತಿದ. ಕೆಂಪು ದೀಪ ಬಂತು. ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಮತ್ತೆ ಕೆಂಪು.

"ಬೆರಳಲ್ಲಿ ಗೆರೆನೇ ಇಲ್ವಲ್ಲ ಯಜಮಾನ್ರೇ," ಎಂದಳು ಕೌಂಟರಿನ ಹುಡುಗಿ. "ಕಲ್ಲಿಗೆ ಹಾಕಿ ಉಜ್ಜಿದ್ರಾ?"

"ಥಿನ್ನರ್ ತಾಯಿ, ಬಣ್ಣ ಕರಗ್ಸೋದು. ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಮೀಸೆ ಬರೋಕೆ ಮುಂಚಿಂದ ಅದರಲ್ಲೇ ಕೈ ತೊಳೀತಿದ್ದೀನಿ."

"ಇನ್ನೊಂದು ಸಲ ತಪ್ಪಿದ್ರೆ ಕಾರ್ಡೇ ನಿಂತುಹೋಗುತ್ತೆ. ಸೋಮವಾರ ಬನ್ನಿ. ಅಷ್ಟರೊಳಗೆ ಕೈಗೆ ಎಣ್ಣೆ ಗಿಣ್ಣೆ ಹಚ್ಚಿ ನೋಡಿ."

ಎಣ್ಣೆ ಹಚ್ಚಿದರೆ ಗೆರೆ ಮೊಳೆಯುವ ಹಾಗಿದ್ದರೆ ಲೋಕದಲ್ಲಿ ಬೋಳುತಲೆಯವರೇ ಇರುತ್ತಿರಲಿಲ್ಲ. ಮಸಿಯಪ್ಪ ಪಕ್ಕಕ್ಕೆ ತಿರುಗಿದ. ಪಕ್ಕದ ಬೆಂಚಿನಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಹೊಟ್ಟೆಯೊಳಗೆ ಗಡ್ಡೆ. ಮುಂದಿನ ವಾರ ತೆಗೆಯಲೇಬೇಕು, ತಡವಾದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಕಾರ್ಡು, ಬೆರಳಲ್ಲಿ ಇನ್ನೂ ಗೆರೆ ಇದ್ದ ಕಾಲದಲ್ಲಿ ಮಾಡಿಸಿದ್ದು. ಅದು ಚಾಲ್ತಿಯಲ್ಲಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ, ಇಲ್ಲದಿದ್ದರೆ ಬಂದ ದಾರಿ.

ಇನ್ನೊಂದು ಉಪಾಯವೂ ಇತ್ತು. ಇವರು ಇಂಥವರೇ ಎಂದು ಒಳಕೋಣೆಯ ಮೇಲ್ವಿಚಾರಕ ಕೈಯಲ್ಲಿ ಬರೆದು ಸಹಿ ಹಾಕಿ ಮೊಹರು ಒತ್ತಿದರೆ ಆಸ್ಪತ್ರೆಯವರಿಗೆ ಅಷ್ಟೇ ಸಾಕು. ಆದರೆ ಬಾಗಿಲಲ್ಲಿ ನಿಂತು ಕೇಳಿದರೆ ಆ ಪುಣ್ಯಾತ್ಮ ತಲೆಯನ್ನೇ ಎತ್ತಲಿಲ್ಲ. "ಯಾರೋ ಬಂದು ಇನ್ಯಾರೋ ಅಂತ ಹೇಳಿಬಿಟ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ. ಯಂತ್ರ ಹೇಳ್ಲಿ, ನಾನೂ ಹೇಳ್ತೀನಿ."

ಮಸಿಯಪ್ಪನಿಗೆ ರೇಗಿತು. ಗೋಡೆಯತ್ತ ಕೈ ತೋರಿಸಿದ. ಅಲ್ಲಿ ಗಾಜಿನ ಚೌಕಟ್ಟಿನೊಳಗೆ, ದೇಶದ ಬಾವುಟದ ಬಣ್ಣಗಳಲ್ಲಿ, ಆಳೆತ್ತರದ ಒಂದು ಹೆಬ್ಬೆಟ್ಟಿನ ಗುರುತು ತೂಗುತ್ತಿತ್ತು. "ಸಾರ್, ಅದು ನನ್ನ ಹೆಬ್ಬೆಟ್ಟು," ಎಂದ.

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹೆಂಡತಿ ಎದ್ದು ಬಂದು ಅವನ ತೋಳು ಹಿಡಿದಳು. "ನಡೀರಿ, ಹೋಗೋಣ. ಇಲ್ಲಿ ಯಾಕೆ ಮಾತು."

ನಕ್ಕವರದೇನು ತಪ್ಪು? ಆ ಚಿತ್ರ ಯಾರಿಗೆ ಗೊತ್ತಿಲ್ಲ. ಹೆಸರು 'ನಾವು'. ದೊಡ್ಡ ಕಲಾವಿದನದು. ಇಷ್ಟೇ ಪ್ರತಿ ಎಂದು ಲೆಕ್ಕ ಕಟ್ಟಿ ಒತ್ತಿಸಿದ್ದ, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ ಸಹಿ ಮಾಡಿದ್ದ. ಒತ್ತಿದವನು ಮಾತ್ರ ಮಸಿಯಪ್ಪ. ಗ್ಯಾರೇಜಿನ ಹಿಂದಿನ ಉದ್ದನೆಯ ಕೋಣೆಯಲ್ಲಿ ಅವನು ಸ್ಕ್ರೀನಿನ ಮೇಲೆ ಬಣ್ಣ ಎಳೆದರೆ, ಹೆಂಡತಿ ಒದ್ದೆ ಹಾಳೆ ಎತ್ತಿ ತಂತಿಗೆ ಸಿಕ್ಕಿಸುತ್ತಿದ್ದಳು. ಪರೀಕ್ಷೆಗೆಂದು ಒತ್ತಿದ ಮೊದಲ ಹಾಳೆಯ ಅಂಚಿಗೆ ಅವನ ಹೆಬ್ಬೆರಳು ತಾಗಿ ಮಸಿ ಅಂಟಿತ್ತು. ಅಷ್ಟು ದುಬಾರಿ ಕಾಗದ, ಇವತ್ತು ಬೈಗಳು ಗ್ಯಾರಂಟಿ ಎಂದು ಅವನು ಕಾಯುತ್ತಿದ್ದರೆ ಕಲಾವಿದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ತಾನು ಬರೆದು ತಂದಿದ್ದ ಚಿತ್ರವನ್ನು ಅಲ್ಲೇ ಕಸಕ್ಕೆ ಹಾಕಿದ. "ಇದೇ ಸಾಕು. ಈ ಹೆಬ್ಬೆಟ್ಟನ್ನೇ ಆಳೆತ್ತರಕ್ಕೆ ಹಿಗ್ಗಿಸಿ ಒತ್ತೋಣ. ಆದರೆ ಯಾರದು ಅಂತ ಯಾರಿಗೂ ಹೇಳಬೇಡ. ಇದು ಎಲ್ಲರದೂ ಆಗಬೇಕು," ಎಂದ. ಒತ್ತುವ ಕೆಲಸ ಮುಗಿದ ಮೇಲೆ ಇನ್ನೊಂದು ಪ್ರತಿ ಹುಟ್ಟದ ಹಾಗೆ ಚಿತ್ರ ಹೊತ್ತ ಬಲೆಬಟ್ಟೆಯ ಸ್ಕ್ರೀನುಗಳನ್ನೆಲ್ಲ ತೊಳೆದು ಖಾಲಿ ಮಾಡಿದರು. ಒತ್ತಿದವನಿಗೆ ಒಂದು ಪ್ರತಿ ಎಂಬುದು ಈ ಕಸುಬಿನ ವಾಡಿಕೆ; ಹಾಗೆ ಸಿಕ್ಕ ಪ್ರತಿ ಇಂದಿಗೂ ಮನೆಯಲ್ಲಿತ್ತು. ಕೊಟ್ಟ ಮಾತನ್ನು ಮಸಿಯಪ್ಪ ಈವರೆಗೆ ಉಳಿಸಿಕೊಂಡಿದ್ದ, ಪೆದ್ದ.

ಕಚೇರಿಯಿಂದ ನೇರ ಕಲಾವಿದನ ಮನೆಗೆ ಹೋದ. ಮುದುಕ ಪ್ರೀತಿಯಿಂದಲೇ ಕೂರಿಸಿದ, ಕಾಫಿ ತರಿಸಿದ. ವಿಷಯ ಕೇಳಿದ ಮೇಲೆ ಕಪ್ಪನ್ನು ಕೆಳಗಿಟ್ಟ.

"ಅದು ಯಾರದೋ ಒಬ್ಬನದು ಅಂದ ತಕ್ಷಣ ಚಿತ್ರ ಸತ್ತುಹೋಗುತ್ತಪ್ಪ. ಇಷ್ಟು ವರ್ಷ ಜನ ಅದರಲ್ಲಿ ತಮ್ಮನ್ನ ನೋಡ್ಕೊಂಡಿದ್ದಾರೆ."

"ಅಣ್ಣಾ, ನನ್ನ ಹೆಂಡತಿ ಉಳೀಬೇಕು. ಅದು ನನ್ನ ಹೆಬ್ಬೆಟ್ಟು ಅಂತ ಒಂದು ಮಾತು ಹೇಳಿ ಸಾಕು."

"ಬೇರೆ ಏನಾದರೂ ಕೇಳು," ಎಂದ ಕಲಾವಿದ. ಇಡೀ ನಾಡಿಗೆ ಹೆಬ್ಬೆಟ್ಟು ಕೊಟ್ಟವನಿಗೆ ತನ್ನ ಹೆಬ್ಬೆಟ್ಟನ್ನು ವಾಪಸ್ಸು ಕೇಳುವ ಹಕ್ಕಿಲ್ಲವಂತೆ. ಮಸಿಯಪ್ಪ ಕಾಫಿ ಮುಟ್ಟದೆ ಎದ್ದು ಬಂದ.

ಭಾನುವಾರ ಮಧ್ಯಾಹ್ನ ಅವನು ಮಂಚದ ಹಿಂದಿನಿಂದ ತನ್ನ ಪ್ರತಿಯನ್ನು ಹೊರಗೆಳೆದು, ದೂಳು ಕೊಡವಿ, ಫೋಟೋ ತೆಗೆದ. ಆಳೆತ್ತರದ ಗುರುತನ್ನು ಬೆರಳಿನಷ್ಟಕ್ಕೆ ಇಳಿಸಿ ಪುಟ್ಟ ಸ್ಕ್ರೀನಿಗೆ ಹತ್ತಿಸಿದ. ಬನಿಯನ್ನಿನ ಮೇಲೆ ಒತ್ತುವ ರಬ್ಬರಿನಂಥ ಇಂಕಿನಲ್ಲಿ, ಬಣ್ಣ ಬೆರೆಸದೆ, ಗಾಜಿನ ಮೇಲೆ ಒತ್ತಿದ. ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ರೀ, ಇದು ಮೋಸ ಅಲ್ವಾ?"

"ನನ್ನ ಬೆರಳು ನಾನು ಹಾಕ್ಕೊಂಡ್ರೆ ಅದರಲ್ಲಿ ಮೋಸ ಎಲ್ಲಿಂದ ಬಂತೇ?"

"ಸಿಕ್ಕಿಬಿದ್ರೆ?"

ಅವನು ಒಣಗಿದ ಪೊರೆಯನ್ನು ಗಾಜಿನಿಂದ ಬಿಡಿಸಿ ಹೆಬ್ಬೆರಳಿಗೆ ಅಂಟಿಸಿ ನೋಡಿದ. ಎಂದೋ ಸವೆದುಹೋದ ಗೆರೆಗಳು ತಮ್ಮ ಜಾಗಕ್ಕೆ ಬಂದು ಕೂತಿದ್ದವು.

ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಸೋಮವಾರ ಸಾಲಿನಲ್ಲಿ ನಿಂತಾಗ ಮಸಿಯಪ್ಪನಿಗೆ ಕಾವಲುಗಾರ ಕೆಮ್ಮಿದರೂ ತನಗೇ ಎನ್ನಿಸುತ್ತಿತ್ತು. ಬೆವರಿಗೆ ಪೊರೆಯ ಅಂಚು ಮೇಲೇಳುತ್ತಿತ್ತು. ತೋರುಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ. ಅವರ ಸರದಿ ಬಂತು.

"ಎಣ್ಣೆ ಹಚ್ಚಿದ್ರಾ?" ಎಂದು ಹುಡುಗಿ ಕೇಳಿದಳು.

"ಹೂಂ."

ಗಾಜಿನ ಮೇಲೆ ಬೆರಳಿಟ್ಟ. ಯಂತ್ರ ಬೇಕೆಂದೇ ತಡ ಮಾಡುತ್ತಿದೆ ಅನ್ನಿಸಿತು. ಹಸಿರು ದೀಪ ಹತ್ತಿತು.

"ನೋಡಿದ್ರಾ, ನಾನು ಹೇಳ್ಲಿಲ್ವಾ," ಎಂದು ಹುಡುಗಿ ನಕ್ಕಳು. "ಈಗ ಅಮ್ಮ, ನಿಮ್ಮ ಬೆರಳಿಡಿ."

"ಕಾರ್ಡಿನ ಯಜಮಾನ ನಾನಲ್ವಾ ತಾಯಿ?"

"ಆಪರೇಷನ್ ನಿಮಗಲ್ವಲ್ಲ. ಹಾಸಿಗೆ ಬೇಕಾದೋರ ಬೆರಳೂ ಒಪ್ಪಬೇಕು."

ಅವಳು ಹೆಬ್ಬೆರಳಿಟ್ಟಳು. ಕೆಂಪು. ಬೇರೆ ಬೆರಳಿಟ್ಟಳು. ಕೆಂಪು. ಮಸಿಯಪ್ಪ ಅವಳ ಕೈ ಹಿಡಿದು ತಿರುಗಿಸಿ ನೋಡಿದ. ಬಣ್ಣ ಎಳೆದವನು ಅವನಾದರೆ, ದಿನವೂ ಆ ಸ್ಕ್ರೀನುಗಳನ್ನು ಬರಿಗೈಯಲ್ಲಿ ಥಿನ್ನರಿನಿಂದ ತಿಕ್ಕಿದವಳು ಅವಳು. ಈ ಒಂದು ವಾರದಲ್ಲಿ ತನ್ನ ಬೆರಳನ್ನು ಎಷ್ಟು ಸಲ ತಿರುಗಿಸಿ ನೋಡಿಕೊಂಡಿದ್ದನೋ, ಅವಳ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ತನ್ನ ಮೇಲೇ ಅವನಿಗೆ ಅಸಹ್ಯವಾಯಿತು. ಅವಳ ಹೆಬ್ಬೆಟ್ಟನ್ನು ಯಾವ ಕಲಾವಿದನೂ ಬೆಳಕಿಗೆ ಹಿಡಿದು ನೋಡಿರಲಿಲ್ಲ, ಯಾವ ಗೋಡೆಯ ಮೇಲೂ ಅದು ಇರಲಿಲ್ಲ.

"ಮುಂದಿನ ತಿಂಗಳು ಬಂದು ನೋಡಿ," ಎಂದಳು ಹುಡುಗಿ, ಮೆಲ್ಲಗೆ.

ಹೆಂಡತಿ ಗಂಡನತ್ತ ತಿರುಗಿದಳು. ಮುಖದಲ್ಲಿ ಕೊಂಕು ಇರಲಿಲ್ಲ. "ಹೋಗ್ಲಿ ಬಿಡಿ, ನಿಮ್ಮದಾದ್ರೂ ಆಯ್ತಲ್ಲ."

ಆ ಮಾತನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. ಎರಡು ಬೈದಿದ್ದರೂ ತಡೆದುಕೊಳ್ಳುತ್ತಿದ್ದ. ಹೆಬ್ಬೆರಳಿನ ಪೊರೆಯನ್ನು ಸುಲಿದು ಕೌಂಟರಿನ ಮೇಲಿಟ್ಟ. "ನಿಮ್ಮ ಯಂತ್ರ ಒಪ್ಪಿಕೊಂಡಿದ್ದು ಇದನ್ನ. ಒಳಗಿರೋರನ್ನ ಕರೀರಿ."

ಮೇಲ್ವಿಚಾರಕ ಹೊರಗೆ ಬಂದ. ಪೊರೆಯನ್ನು ಪೆನ್ನಿನ ತುದಿಯಿಂದ ಎತ್ತಿ ನೋಡುತ್ತಿದ್ದ ಹಾಗೆ ಅವನ ಮುಖ ಬಿಳಿಚಿಕೊಂಡಿತು. "ಇದೇನು ಗೊತ್ತೇನ್ರೀ? ಅಪರಾಧ. ಜೈಲಿಗೆ ಹೋಗ್ತೀರಿ."

"ಹೋಗ್ತೀನಿ ಸಾರ್. ದೂರು ಬರೀರಿ."

"ಬರೀದೆ ಬಿಡ್ತೀನಾ?"

"ಬರೀವಾಗ ಮೋಸ ಮಾಡ್ದೋನು ಯಾರು ಅಂತ ಬರೀಬೇಕಾಗುತ್ತೆ. ಯಾರಿಗೋಸ್ಕರ ಮಾಡ್ದ ಅಂತಲೂ ಬರೀಬೇಕಾಗುತ್ತೆ. ಇವಳು ಇಂಥವಳು, ನನ್ನ ಹೆಂಡತಿ, ನಿಮ್ಮೆದುರಿಗೇ ನಿಂತಿದ್ಲು ಅಂತ. ಕೆಳಗೆ ನಿಮ್ಮ ಸಹಿ, ಮೊಹರು. ಅದರದೊಂದು ಪ್ರತಿ ಇವಳ ಕೈಗೆ ಕೊಡಿ, ಆಸ್ಪತ್ರೆಗೆ ಅಷ್ಟು ಸಾಕು. ಆಮೇಲೆ ನನ್ನನ್ನ ಎಲ್ಲಿಗೆ ಬೇಕಾದ್ರೂ ಕಳ್ಸಿ."

ಸಾಲಿನಲ್ಲಿ ಯಾರೂ ನಗಲಿಲ್ಲ. ಮೇಲ್ವಿಚಾರಕ ಅವನನ್ನು ನೋಡಿದ, ಅವಳನ್ನು ನೋಡಿದ. ಬರೆಯದೆ ಬಿಟ್ಟರೆ ಇಷ್ಟು ಜನರೆದುರು ಅಪರಾಧ ಮುಚ್ಚಿಟ್ಟ ಹಾಗೆ. ಬರೆದರೆ ಅವಳು ಅವಳೇ ಎಂದು ಒಪ್ಪಿಕೊಂಡ ಹಾಗೆ. ಕೊನೆಗೆ ಹುಡುಗಿಯ ಕುರ್ಚಿಯಲ್ಲಿ ಕೂತು ಒಂದು ಬಿಳಿ ಹಾಳೆ ಎಳೆದುಕೊಂಡ.

"ಹೆಸರು?"

ಹೆಂಡತಿ ಅಳುತ್ತ ಗಂಡನ ಅಂಗಿ ಜಗ್ಗುತ್ತಿದ್ದಳು. "ಬೇಡ ರೀ, ನೀವಿಲ್ದೆ ನಾನು ಆಸ್ಪತ್ರೆಗೆ ಹೋಗಲ್ಲ."

"ಹೋಗ್ತೀಯ," ಎಂದ ಮಸಿಯಪ್ಪ. "ಮೊದಲು ಹೆಸರು ಹೇಳು. ನಿಂದು."

ಅವಳು ಕಣ್ಣೊರೆಸಿಕೊಂಡು ಹೇಳಿದಳು. ಸರಿಯಾಗಿ ಕೇಳಿಸಲಿಲ್ಲ ಎಂದು ಮೇಲ್ವಿಚಾರಕ ಇನ್ನೊಮ್ಮೆ ಹೇಳಿಸಿದ, ಆಮೇಲೆ ಬರೆದುಕೊಂಡ.